ಬೆವರಿಗೊಂದು ಬೀಗ

ಯುಗಾದಿಯ ಬೆಳಿಗ್ಗೆ ಗಂಗುಲಮ್ಮ ಮನೆಯ ಮುಂದೆ ರಂಗೋಲಿ ಹಾಕಿದಳು. ಹಬ್ಬದ ದಿನ ಹೆಣ್ಣುಮಗಳೊಬ್ಬಳು ರಂಗೋಲಿ ಹಾಕಿದರೆ ಅದೇನು ದೊಡ್ಡ ಸುದ್ದಿ ಎನ್ನಬೇಡಿ. ಆಕೆಗೆ ಆಗಲೇ ನಲವತ್ತೊಂಬತ್ತು ತುಂಬಿತ್ತು, ಐದು ವರ್ಷದ ಮೊಮ್ಮಗಳಿದ್ದಳು, ಮತ್ತು ಅದು ಆಕೆ ಹುಟ್ಟಿದಾರಭ್ಯ ಹಾಕಿದ ಮೊಟ್ಟಮೊದಲ ರಂಗೋಲಿ. ಏಳು ಚುಕ್ಕಿಯಿಂದ ಶುರುವಾದದ್ದು ನಡುವೆ ಎಲ್ಲೋ ಎಂಟಾಗಿ, ಕೊನೆಗೆ ಕಮಲವೂ ಅಲ್ಲದ ನಕ್ಷತ್ರವೂ ಅಲ್ಲದ ಒಂದು ಆಕಾರ ಚರಂಡಿಯ ಕಡೆಗೆ ವಾಲಿಕೊಂಡು ನಿಂತಿತು. ಗಂಗುಲಮ್ಮ ಅದನ್ನು ನೋಡಿ ಕಣ್ಣೊರೆಸಿಕೊಂಡಳು. ಹಿಟ್ಟು ಬೆರಳ ಸಂದಿಯಿಂದ ಸರಸರನೆ ಇಳಿದಿತ್ತು, ಒಂದು ಕಡೆಯೂ ಮುದ್ದೆಗಟ್ಟಿರಲಿಲ್ಲ.

"ಇದೇನಮ್ಮೀ, ಹಬ್ಬದ ದಿನ ಬಾಗ್ಲಾಗೆ ಏಡಿ ಬರ್ದಿದ್ದೀಯ?" ಎನ್ನುತ್ತ ಗಂಡ ಕದಿರಪ್ಪ ಬೇವಿನ ಕಡ್ಡಿ ಕಚ್ಚಿಕೊಂಡು ಹೊರಗೆ ಬಂದ.

"ಏಡಿನೋ ಗೂಬೆನೋ, ಬರ್ದಿದ್ದು ನಾನು. ತುಳೀಬೇಡ, ಪಕ್ಕದಾಗೆ ಓಗು."

ಕದಿರಪ್ಪ ಪಕ್ಕದಲ್ಲೇ ಹೋದ. ಹೋಗುವಾಗ ಬಗ್ಗಿ ಹೆಂಡತಿಯ ಅಂಗೈಯನ್ನೊಮ್ಮೆ ಮುಟ್ಟಿ ನೋಡಿ, ನಿಜವಾಗಿಯೂ ಒಣಗಿದೆ ಎಂದು ಖಾತ್ರಿ ಮಾಡಿಕೊಂಡ.

ಗಂಗುಲಮ್ಮನ ಅಂಗೈಗಳು ಹುಟ್ಟಿದಾಗಿನಿಂದ ಒದ್ದೆ. ಬಿಸಿಲಿಗೆ ಎಲ್ಲರೂ ಬೆವರುತ್ತಾರೆ. ಈಕೆಯ ಕೈ ಚಳಿಗಾಲದ ನಸುಕಿನಲ್ಲೂ ತೊಟ್ಟಿಕ್ಕುತ್ತಿತ್ತು. ಊರ ದೇವತೆಯ ಹೆಸರಿಟ್ಟಿದ್ದಕ್ಕೆ ಗಂಗೆಯೇ ಬಂದು ಕೈಯಲ್ಲಿ ಕೂತಿದ್ದಾಳೆ ಎಂದು ಅಜ್ಜಿ ಹೇಳಿ ಎಲ್ಲರ ಬಾಯಿ ಮುಚ್ಚಿಸಿದ್ದಳು. ಶಾಲೆಯಲ್ಲಿ ಬರೆದ ಉತ್ತರ ಮೇಷ್ಟರ ಕೈ ಸೇರುವ ಮೊದಲೇ ನೀಲಿ ಕೆಸರಾಗುತ್ತಿತ್ತು. ಉಪ್ಪಿನಕಾಯಿ ಭರಣಿಯ ಹತ್ತಿರಕ್ಕೆ ಆಕೆಯನ್ನು ಯಾರೂ ಬಿಡುತ್ತಿರಲಿಲ್ಲ, ಒದ್ದೆ ಕೈ ತಾಗಿದರೆ ಬೂಸು ಹಿಡಿಯುತ್ತದಲ್ಲ. ಆ ಕೈಯಿಂದ ಸಂತೋಷಪಟ್ಟವನು ಬಳೆಗಾರನೊಬ್ಬನೇ. ಸೋಪು ಹಚ್ಚದೆಯೇ ಡಜನ್ ಬಳೆ ಸಲೀಸಾಗಿ ಏರುತ್ತಿದ್ದವು. ಮದುವೆಯಲ್ಲಿ ಕೈ ಹಿಡಿದ ಕದಿರಪ್ಪ, "ನೀರು ಹುಯ್ಯೋಕೆ ಮುಂಚೇನೇ ಧಾರೆ ಆಗೋಯ್ತು" ಎಂದು ಗೆಳೆಯರ ಮುಂದೆ ನಕ್ಕಿದ್ದ. ಆತ ತಮಾಷೆಗೆ ಅಂದದ್ದು. ಆದರೆ ಗಂಗುಲಮ್ಮ ಅಂದಿನಿಂದ ತಾನಾಗಿ ಯಾರ ಕೈಯನ್ನೂ ಹಿಡಿಯಲಿಲ್ಲ, ಗಂಡನ ಕೈಯನ್ನೂ.

ಇಷ್ಟೆಲ್ಲ ಇದ್ದೂ ಆ ಕೈಗೆ ಒಂದು ದೊಡ್ಡ ಹೆಸರಿತ್ತು. ಶ್ರೀನಿವಾಸಪುರದ ಹೊರಗೆ ಸೊಣ್ಣೇಗೌಡರ ಮಾವಿನ ನರ್ಸರಿಯಿದೆ. ಗಂಗುಲಮ್ಮ ಅಲ್ಲಿ ಇಪ್ಪತ್ತೆಂಟು ವರ್ಷದಿಂದ ಕಸಿ ಕಟ್ಟುವವಳು. ನೆಟ್ಟ ಮಾವಿನ ವಾಟೆಯಿಂದ ಎದ್ದ ಎಳೆ ಸಸಿಯ ತಲೆ ಕತ್ತರಿಸಿ, ಸೀಳಿ, ಅದರೊಳಗೆ ಒಳ್ಳೆ ಜಾತಿಯ ಮರದ ಕಡ್ಡಿಯನ್ನು ಬೆಣೆಯ ಹಾಗೆ ಕೂರಿಸಿ ಪ್ಲಾಸ್ಟಿಕ್ ಪಟ್ಟಿ ಸುತ್ತುವ ಕೆಲಸ. ನೋಡಲು ಸುಲಭ. ಉಳಿದ ಹೆಂಗಸರು ನೂರು ಕಟ್ಟಿದರೆ ಅರವತ್ತು ಚಿಗುರುತ್ತಿದ್ದವು, ಗಂಗುಲಮ್ಮ ಕಟ್ಟಿದರೆ ತೊಂಬತ್ತೈದು. ಕೈಗುಣ ಎಂದರು ಜನ. ಕೈಯಲ್ಲಿ ಬೇರೆಯವರಿಗಿಲ್ಲದ್ದು ಏನಿದೆ ಎಂದು ಹುಡುಕಲು ಯಾರೂ ದೂರ ಹೋಗಬೇಕಿರಲಿಲ್ಲ. "ಅವಳ ಬೆವರು ಕಣಪ್ಪ, ಗಿಡಕ್ಕೆ ಅಮೃತ" ಎಂದು ತೀರ್ಮಾನವಾಯಿತು. ಗಂಗುಲಮ್ಮನೂ ಅದನ್ನೇ ನಂಬಿದ್ದಳು. ಹಾಳು ಕೈ ಒಂದು ಕೆಲಸಕ್ಕಾದರೂ ಬಂತಲ್ಲ ಎಂಬ ಸಮಾಧಾನ.

ಆ ಸಮಾಧಾನವನ್ನು ಮೊಮ್ಮಗಳು ಲಾಸ್ಯ ಒಂದೇ ಮಾತಿನಲ್ಲಿ ಕೆಡವಿದಳು. ಶಾಲೆಯಿಂದ ಕರೆತರುವಾಗ ರಸ್ತೆ ದಾಟಬೇಕೆಂದು ಗಂಗುಲಮ್ಮ ವಿಧಿಯಿಲ್ಲದೆ ಕೈ ಹಿಡಿದದ್ದೇ ತಡ, ಹುಡುಗಿ ಕೈ ಕಿತ್ತುಕೊಂಡು, "ಥೂ, ಅಜ್ಜಿ ಕೈ ಕಪ್ಪೆ!" ಎಂದಳು. ಮಕ್ಕಳ ಮಾತು ಎಂದು ಎಲ್ಲರೂ ನಕ್ಕರು. ಗಂಗುಲಮ್ಮನೂ ನಕ್ಕು, ಮಾರನೆಯ ದಿನ ಯಾರಿಗೂ ಹೇಳದೆ ಕೆ.ಜಿ.ಎಫ್. ಬಸ್ಸು ಹತ್ತಿದಳು.

ಬೇಸಿಗೆ ವರ್ಷದಲ್ಲಿ ಎಂಟು ತಿಂಗಳು ಕೂರುವಂತಾದ ಮೇಲೆ ಲೋಕಕ್ಕೆ ಬೆವರಿನ ಬಗ್ಗೆ ಒಮ್ಮೆಲೇ ಗೌರವ ಬಂದಿತ್ತು. ಚಿನ್ನದ ಗಣಿ ಮುಚ್ಚಿದ ಆ ಊರಿನ ಹಳೆಯ ಕಲ್ಲಿನ ಕಟ್ಟಡವೊಂದರಲ್ಲಿ ಬೆವರು ಸಂಶೋಧನಾ ಕೇಂದ್ರ ತೆರೆದಿತ್ತು. ಅದರ ಮುಖ್ಯಸ್ಥೆ ಡಾಕ್ಟರ್ ಎಸ್ತರ್ ಆ ಊರಿನವರೇ. ಅವರ ತಾತ ಗಣಿಯ ತಳಕ್ಕೆ ಇಳಿದು ಬಂದ ಮೇಲೆ ಅಂಗಿ ಹಿಂಡಿದರೆ ಅರ್ಧ ಚೊಂಬು ನೀರು ಬರುತ್ತಿತ್ತಂತೆ. ಬೆವರನ್ನು ಅವರು ಅಸಹ್ಯ ಎಂದು ನೋಡಿದವರೇ ಅಲ್ಲ. ಗಂಗುಲಮ್ಮ ಸೆರಗಿನಲ್ಲಿ ಮುಚ್ಚಿಟ್ಟುಕೊಂಡಿದ್ದ ಕೈಯನ್ನು ತಾವೇ ಎಳೆದು ಹಿಡಿದುಕೊಂಡು ಮಾತಾಡಿದರು. ಆ ಹಿಡಿತಕ್ಕೇ ಗಂಗುಲಮ್ಮ ಅರ್ಧ ಒಪ್ಪಿಬಿಟ್ಟಿದ್ದಳು.

"ಅಮ್ಮ, ನಿಮ್ಮ ಗ್ರಂಥಿಗಳದ್ದು ತಪ್ಪಿಲ್ಲ. ನರದ ತುದಿಯಿಂದ ಒಂದು ರಾಸಾಯನಿಕ ತೊಟ್ಟಿಕ್ಕಿ, 'ಬೆವರು ಬಿಡು' ಅಂತ ಗ್ರಂಥಿಗೆ ಸುದ್ದಿ ಕೊಡುತ್ತೆ. ನಿಮ್ಮ ನರಗಳು ಕಾರಣವಿಲ್ಲದೆ ಸುದ್ದಿ ಕಳಿಸ್ತಾನೇ ಇವೆ. ಇದು ಮನೆತನದಲ್ಲೇ ಬರೋದು ಜಾಸ್ತಿ."

"ಒಟ್ನಾಗೆ ಚಾಡಿ ಹೇಳೋ ನರ ಅನ್ನಿ."

"ಹಾಗೇ ಅನ್ನಿ" ಎಂದು ಎಸ್ತರ್ ನಕ್ಕರು.

ಹಳೆಯ ಸೂಜಿಮದ್ದುಗಳೂ ಈ ಚಾಡಿಯನ್ನು ತಡೆಯುತ್ತಿದ್ದವು. ಆದರೆ ಅಂಗೈಯ ತುಂಬ ಮೂವತ್ತು ನಲವತ್ತು ಕಡೆ ಚುಚ್ಚಬೇಕು, ಆರು ತಿಂಗಳಿಗೆ ಮತ್ತೆ ಅದೇ ರಾಮಾಯಣ. ಎಸ್ತರ್ ತಂಡ ಮಾಡಿದ್ದು ಬೀಗಕಾಳು. ಮಣಿಕಟ್ಟಿಗೆ ಒಂದೇ ಸೂಜಿ. ಕಣ್ಣಿಗೆ ಕಾಣದಷ್ಟು ಸಣ್ಣ ಕಾಳುಗಳು ನರದ ಗುಂಟ ಹರಿದು ಒಂದೊಂದು ತುದಿಯಲ್ಲೂ ಕಾವಲು ಕೂರುತ್ತವೆ. ಮೊದಲ ಒಂದು ತಿಂಗಳು ಅವು ಏನನ್ನೂ ತಡೆಯುವುದಿಲ್ಲ, ಕೈ ಯಾವಾಗ ಎಷ್ಟು ಒದ್ದೆಯಾಯಿತು ಎಂದು ಬರೆದಿಟ್ಟುಕೊಳ್ಳುತ್ತವೆ, ಅಷ್ಟೆ. ಆಮೇಲೆ ಕೇಂದ್ರದ ನಿಗಾ ಕೊಠಡಿಯಿಂದ ಒಂದು ಸಂಕೇತ ಹೋದರೆ ಬೀಗ ಬೀಳುತ್ತದೆ. ಇನ್ನೊಂದು ಸಂಕೇತ ಹೋದರೆ ಬೀಗ ತೆರೆಯುತ್ತದೆ. ಆದರೆ ತೆರೆದ ಬೀಗ ಕರಗಿಹೋಗುತ್ತದೆ, ಎರಡನೇ ಸಲ ಚುಚ್ಚಿದರೆ ಮೈ ಅದನ್ನು ಗುರುತು ಹಿಡಿದು ಹೊರಗೆ ತಳ್ಳುತ್ತದೆ. ಒಬ್ಬರಿಗೆ ಜನ್ಮಕ್ಕೆ ಒಂದೇ ಬೀಗ.

"ಕೈಯಾಗೆ ಓಗ್ದಿರೋ ನೀರು ಇನ್ನೆಲ್ಲಿಗೆ ಓಯ್ತದೆ?" ಎಂದು ಗಂಗುಲಮ್ಮ ಕೇಳಿದಳು. ಸರ್ಕಾರಿ ನೌಕರರ ಹಾಗೆ ಬೆವರಿಗೂ ವರ್ಗಾವಣೆಯಾಗಿ ಮೂಗಿನ ತುದಿಗೋ ಹಣೆಗೋ ಬಂದು ಕೂತರೆ ಗತಿಯೇನು ಎಂಬುದು ಆಕೆಯ ಚಿಂತೆ. ಅಂಗೈಯ ಬೆವರು ಮೈ ತಂಪಿಗೆ ಲೆಕ್ಕಕ್ಕಿಲ್ಲ, ಎಲ್ಲೂ ಹೋಗುವುದಿಲ್ಲ ಎಂದರು ಎಸ್ತರ್. ಕೈಗುಣದ ಮಾತನ್ನೂ ಗಂಗುಲಮ್ಮ ಹೇಳಿಕೊಂಡಳು. ಎಸ್ತರ್ ಆಕೆಯ ಬೆವರನ್ನು ಎರಡು ಸಲ ಪರೀಕ್ಷೆ ಮಾಡಿಸಿದರು. ಉಪ್ಪುನೀರು, ಬೇರೇನಿಲ್ಲ. ಶಿವರಾತ್ರಿಗೆ ಸೂಜಿ ಚುಚ್ಚಿದರು. ಯುಗಾದಿಯ ಹಿಂದಿನ ದಿನ ಬೀಗ ಬಿತ್ತು.

ಆಮೇಲಿನ ದಿನಗಳನ್ನು ಗಂಗುಲಮ್ಮ ಮಗುವಿನ ಹಾಗೆ ಕಳೆದಳು. ಪತ್ರಿಕೆ ಓದುವ ರೂಢಿ ಇಲ್ಲದಿದ್ದರೂ ಕೈಯಲ್ಲಿ ಹಿಡಿದು ಕೂತಳು, ಅದು ನೆನೆಯಲಿಲ್ಲ. ವಾರಗಿತ್ತಿಯ ಮನೆಗೆ ಹೋಗಿ ಕೇಳದೆಯೇ ಉಪ್ಪಿನಕಾಯಿ ಭರಣಿಗೆ ಮೊಣಕೈವರೆಗೆ ಕೈ ಹಾಕಿ ಕಲೆಸಿಬಂದಳು. ಸಂತೆಯ ದಿನ ಕದಿರಪ್ಪನ ಕೈ ಹಿಡಿದುಕೊಂಡು ನಡೆದಳು. ಐವತ್ತರ ಹತ್ತಿರದ ಜೋಡಿ ಕೈ ಕೈ ಹಿಡಿದು ಸೊಪ್ಪು ಕೊಳ್ಳುವುದನ್ನು ಊರೆಲ್ಲ ನಿಂತು ನೋಡಿತು. ಕದಿರಪ್ಪನಿಗೆ ನಾಚಿಕೆಯಾಗಿ ಕಿವಿ ಕೆಂಪಾಯಿತು, ಆದರೆ ಕೈ ಬಿಡಿಸಿಕೊಳ್ಳಲಿಲ್ಲ. ನರ್ಸರಿಗೆ ಹೋಗುವಾಗ ಇಪ್ಪತ್ತೆಂಟು ವರ್ಷ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದ ಕೈ ಒರೆಸುವ ಬಟ್ಟೆಯನ್ನು ಒಲೆಯ ಪಕ್ಕಕ್ಕೆ ಎಸೆದು, "ಇನ್ನು ನೀನು ಮಸಿಬಟ್ಟೆ" ಎಂದು ಅದಕ್ಕೂ ಹೊಸ ಕೆಲಸ ಕೊಟ್ಟಳು.

ಲಾಸ್ಯ ಮಾತ್ರ ಅಜ್ಜಿಯ ಕೈಯನ್ನು ಮೂಸಿ, ತಿರುಗಿಸಿ, "ಈಗ ಕಪ್ಪೆ ಎಲ್ಲೋಯ್ತು?" ಎಂದಳು.

"ಕೆರೆಗೆ ಓಯ್ತು ಕಣೇ."

ಅಂಗೈ ಒಣಗಿ ಮೂರು ವಾರಕ್ಕೆ ಸುಖಕ್ಕೆ ಹುಳ ಬಿತ್ತು. ಗಂಗುಲಮ್ಮ ಯುಗಾದಿಯ ಮರುದಿನ ಕಟ್ಟಿದ ನೂರು ಕಸಿಗಳಲ್ಲಿ ಚಿಗುರಿದ್ದು ಇಪ್ಪತ್ತೆರಡು. ಉಳಿದವು ಬೆಸುಗೆಯ ಜಾಗದಲ್ಲಿ ಕಪ್ಪಾಗಿ ಕೊಳೆತು ಕೂತಿದ್ದವು. ಬಿಸಿಲು ಹೆಚ್ಚು ಎಂದುಕೊಂಡಳು. ಎರಡನೆಯ ಸಲ ನೆರಳುಪರದೆಯ ಒಳಗೆ, ಮೈಯೆಲ್ಲ ಕಣ್ಣಾಗಿ ಕಟ್ಟಿದಳು. ಹದಿನೆಂಟು.

ಊರ ಬಾಯಿಗೆ ಬೀಗ ಹಾಕುವ ಸೂಜಿಯನ್ನು ಇನ್ನೂ ಯಾರೂ ಕಂಡುಹಿಡಿದಿಲ್ಲ. "ಕೈಗುಣ ಇದ್ದಿದ್ದೇ ಬೆವರಿನಾಗೆ, ಅದ್ನ ಕಾಲ ಕಸ ಮಾಡಿ ಕಳ್ಕಂಡ್ಳು" ಎಂದರು. ನರ್ಸರಿಯ ಹೆಂಗಸರು ಎದುರಿಗೆ ಏನೂ ಅನ್ನಲಿಲ್ಲ, ಆದರೆ ಆಕೆ ಬಂದರೆ ಮಾತು ನಿಲ್ಲಿಸುತ್ತಿದ್ದರು. ಗಂಗುಲಮ್ಮನಿಗೆ ಅದಕ್ಕಿಂತ ದೊಡ್ಡ ಭಯವೊಂದಿತ್ತು. ಅದರ ಹೆಸರು ಬೆಣ್ಣೆಮೂಗು.

ಬೆಣ್ಣೆಮೂಗು ಸೊಣ್ಣೇಗೌಡರ ಮುತ್ತಜ್ಜ ನೆಟ್ಟ ಮಾವು. ಹಣ್ಣಿಗೆ ಗಿಣಿಯ ಹಾಗೆ ಚೂಪು ಮೂಗು, ಒಳಗೆ ನಾರೇ ಇಲ್ಲದ ತಿರುಳು. ಮನೆತನದ ಮರ ಎಂದು ಗೌಡರು ಅದಕ್ಕೆ ಕಸಿಯ ಚಾಕು ತಾಗಿಸಲೂ ಬಿಟ್ಟಿರಲಿಲ್ಲ, ಹಾಗಾಗಿ ಆ ಜಾತಿಯ ಮರ ಇನ್ನೆಲ್ಲೂ ಇರಲಿಲ್ಲ. ಹಿಂದಿನ ಬೇಸಿಗೆಗೆ ಮರ ನಡುವೆ ಸೀಳಿ ಮುಕ್ಕಾಲು ಒಣಗಿತ್ತು. ಈಗ ಜೀವ ಇದ್ದದ್ದು ಒಂದೇ ಕೊಂಬೆಯಲ್ಲಿ, ಅದಕ್ಕೂ ಬುಡದಲ್ಲಿ ಹುಳ ಹೊಕ್ಕಿತ್ತು. ಮುಂಗಾರಿನ ಗಾಳಿಗೆ ಅದು ನಿಲ್ಲುವುದಿಲ್ಲ ಎಂದು ಎಲ್ಲರಿಗೂ ಗೊತ್ತು. ಕಸಿಗೆ ಬರುವ ಕಡ್ಡಿಗಳು ನಲವತ್ತೆಂಟು ಸಿಕ್ಕಿದವು. ಹುಳ ತಿಂದ ಕೊಂಬೆಯ ಬಡಕಲು ಕಡ್ಡಿ ಗಂಗುಲಮ್ಮನ ಹೊರತು ಬೇರೆ ಯಾರ ಕೈಗೂ ಹತ್ತುವುದಿಲ್ಲ ಎಂದು ಗೌಡರ ನಂಬಿಕೆ. ಕಡ್ಡಿಯನ್ನು ಮರದಲ್ಲಿರುವಾಗಲೇ ಎಲೆ ಸವರಿ ಬಿಟ್ಟರೆ ಹತ್ತು ದಿನಕ್ಕೆ ಮೊಗ್ಗು ಉಬ್ಬುತ್ತದೆ, ಆಗ ಕತ್ತರಿಸಿ ಕಟ್ಟಲೇಬೇಕು. ಸೋಮವಾರ ಗೌಡರು ತಾವೇ ಏಣಿ ಹತ್ತಿ ಎಲೆ ಸವರಿ ಇಳಿದರು.

"ಹತ್ತು ದಿನ ಅದೆ ಗಂಗುಲಮ್ಮ" ಎಂದರು. "ಬೀಗ ತೆಗ್ಸು ಅಂತ ನಾನು ಹೇಳಲ್ಲ. ಕೈ ನಿಂದು. ಆದ್ರೆ ಮರ ಒಂದೇ ಅದೆ, ಅದ್ನ ನೀನೂ ಬಲ್ಲೆ."

ಅಂದು ಸಂಜೆ ಜಗಲಿಯ ಮೇಲೆ ಬೆಳ್ಳುಳ್ಳಿ ಸುಲಿಯುತ್ತ ಗಂಗುಲಮ್ಮ, "ತೆಗ್ಸಿಬಿಡ್ತೀನಿ" ಎಂದಳು.

ಕದಿರಪ್ಪ, "ತೆಗ್ಸು ಬುಡು. ನಿನ್ನ ಕೈ ನಂಗೆ ಯಾವತ್ತೂ ತಂಪಾಗೇ ಇತ್ತು, ಮಡಕೆ ಮುಟ್ದಂಗೆ. ಹಿಡ್ಕಳಾಕೆ ನೀನೇ ಬಿಡ್ತಿರಲಿಲ್ಲ" ಎಂದ.

"ಸಮಾಧಾನಕ್ಕೆ ಸುಳ್ಳು ಹೇಳ್ಬೇಡ."

"ಸುಳ್ಳಾದ್ರೆ ನನ್ ನಾಲ್ಗೆ ಬಿದ್ದೋಗ್ಲಿ" ಎಂದ ಕದಿರಪ್ಪ. ಗಂಗುಲಮ್ಮ ನಂಬಲಿಲ್ಲ. ಮೂವತ್ತು ವರ್ಷದಿಂದ ಗಂಡ ಹೇಳಿದ ಒಳ್ಳೆಯ ಮಾತುಗಳಲ್ಲಿ ಆಕೆ ಅರ್ಧವನ್ನು ಹೀಗೇ ತಳ್ಳಿಹಾಕಿದ್ದಳು.

ಗುರುವಾರ ಆಕೆ ನಿಗಾ ಕೊಠಡಿಯಲ್ಲಿ ಕೂತಿದ್ದಳು. ಗೋಡೆಯಗಲದ ಪರದೆಯ ಮೇಲೆ ನೂರಾರು ಗೆರೆಗಳು ಓಡುತ್ತಿದ್ದವು. ಒಂದೊಂದು ಗೆರೆ ಯಾರದೋ ಒಂದು ಅಂಗೈ. ಗಂಗುಲಮ್ಮನದು ಮೂವತ್ತೊಂದನೆಯದು, ಚಾಪೆಯ ಅಂಚಿನ ಹಾಗೆ ನೆಟ್ಟಗೆ ಮಲಗಿತ್ತು. ಎಸ್ತರ್ ಎರಡೆರಡು ಸಲ ಕೇಳಿದರು, ಖಂಡಿತವೇ? ಮತ್ತೆ ಹಾಕೋಕೆ ಆಗಲ್ಲ. ಗಂಗುಲಮ್ಮ ತಲೆಯಾಡಿಸಿದಳು. ಬೀಗ ತೆಗೆಯುವ ಮೊದಲು ರೋಗಿಯ ಹಳೆಯ ದಾಖಲೆಯನ್ನೊಮ್ಮೆ ನೋಡಲೇಬೇಕೆಂಬುದು ಅಲ್ಲಿಯ ನಿಯಮ. ಎಸ್ತರ್ ಶಿವರಾತ್ರಿಯಿಂದ ಯುಗಾದಿಯವರೆಗಿನ ಗೆರೆಯನ್ನು ತೆರೆದರು.

ಗೆರೆ ಎತ್ತರದಲ್ಲಿ ಹರಿಯುತ್ತಿತ್ತು, ಒದ್ದೆ ಕೈಯ ಗೆರೆ. ಆದರೆ ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ಅದು ಗರಗಸವಾಗುತ್ತಿತ್ತು. ಮೇಲೇರುವುದು, ಸರ್ರನೆ ನೆಲಕ್ಕೆ ಬೀಳುವುದು, ಮತ್ತೆ ಏರುವುದು. ಎರಡು ನಿಮಿಷಕ್ಕೊಂದು ಹಲ್ಲು. ಭಾನುವಾರ ಹಲ್ಲುಗಳೇ ಇಲ್ಲ.

"ಇದನ್ನ ನಾವು ಕಾಳಿನ ದೋಷ ಅಂತ ಬರೆದುಬಿಟ್ಟಿದ್ದೀವಿ" ಎಂದು ಎಸ್ತರ್ ಹುಬ್ಬುಗಂಟಿಕ್ಕಿದರು. "ದೋಷ ಭಾನುವಾರ ರಜಾ ತಗೊಳ್ಳುತ್ತಾ? ಅಮ್ಮ, ಕೆಲಸದ ಹೊತ್ತಲ್ಲಿ ಎರಡೆರಡು ನಿಮಿಷಕ್ಕೆ ನಿಮ್ಮ ಕೈ ಪೂರ್ತಿ ಒಣಗ್ತಿತ್ತು. ಹೇಗೆ?"

"ನಂಗೇನ್ ಗೊತ್ತು ಡಾಕ್ಟ್ರಮ್ಮ. ಕಡ್ಡಿ ಕೂರುಸ್ತೀನಿ, ಪಟ್ಟಿ ಸುತ್ತೀನಿ, ಇನ್ನೊಂದ್ ತಗೊತೀನಿ."

"ಒಂದು ಗಿಡಕ್ಕೆ ಎಷ್ಟು ಹೊತ್ತು?"

"ಎರಡು ನಿಮಿಷ."

ಇಬ್ಬರೂ ಮುಖ ಮುಖ ನೋಡಿಕೊಂಡರು. ಎಸ್ತರ್ ಎದ್ದು ಮೇಜಿನ ಮೇಲಿಂದ ಎರಡು ಪೆನ್ಸಿಲ್, ಕಾಗದ ಕತ್ತರಿಸುವ ಚಾಕು ತಂದು ಕೊಟ್ಟು, "ಮಾಡಿ ತೋರಿಸಿ" ಎಂದರು. ಗಂಗುಲಮ್ಮ ಮಾಡಿ ತೋರಿಸಿದಳು. ಕತ್ತರಿಸಿದ ಹಾಗೆ, ಕೂರಿಸಿದ ಹಾಗೆ, ಸುತ್ತಿದ ಹಾಗೆ. ಏನೂ ಗೊತ್ತಾಗಲಿಲ್ಲ. ಎಸ್ತರ್ ಒಂದು ಕ್ಷಣ ಯೋಚಿಸಿ ಕುಡಿಯುವ ನೀರಿನ ಲೋಟ ತಂದು ಆಕೆಯ ಎರಡು ಅಂಗೈಗೂ ಒಂದಿಷ್ಟು ಹನಿಸಿದರು.

"ಈಗ ಮಾಡಿ. ಮೊದಲಿನ ಹಾಗೇ."

ಗಂಗುಲಮ್ಮ ಒದ್ದೆ ಕೈಯಲ್ಲಿ ಚಾಕು ಹಿಡಿದಳು. ಕತ್ತರಿಸಿದಳು, ಕೂರಿಸಿದಳು, ಸುತ್ತಿದಳು. ಮುಂದಿನ ಪೆನ್ಸಿಲ್‌ಗೆ ಹೋಗುವ ಮುಂಚೆ ಆಕೆಯ ಬಲಗೈ, ಆಕೆಯನ್ನು ಒಂದು ಮಾತೂ ಕೇಳದೆ, ಚಾಕುವಿನ ಸಮೇತ ಸೊಂಟಕ್ಕೆ ಹೋಯಿತು.

ಅಲ್ಲಿ ಏನೂ ಇರಲಿಲ್ಲ.

"ಅಯ್ಯೋ ಶಿವನೇ" ಎಂದಳು ಗಂಗುಲಮ್ಮ. "ನನ್ ಬಟ್ಟೆ!"

ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎನ್ನುತ್ತಾರೆ. ಗಂಗುಲಮ್ಮನಿಗೆ ತನ್ನ ಅಂಗೈಯ ಗುಟ್ಟು ಕಾಣಲು ಗೋಡೆಯಗಲದ ಪರದೆ ಬೇಕಾಯಿತು. ಒದ್ದೆ ಕೈಯಲ್ಲಿ ಚಾಕುವಿನ ಹಿಡಿ ಜಾರುತ್ತದೆಂದು ಆಕೆ ಪ್ರತಿ ಗಿಡಕ್ಕೂ ಮುಂಚೆ ಅಂಗೈ, ಬೆರಳು, ಹಿಡಿ, ಅಲಗಿನ ಎರಡೂ ಮಗ್ಗುಲನ್ನು ಆ ಬಟ್ಟೆಯಿಂದ ಒರೆಸುತ್ತಿದ್ದಳು. ಉಸಿರಾಡುವುದು ನೆನಪಿರುವಷ್ಟೇ ಅದೂ ನೆನಪು. ಬಟ್ಟೆಯಾದರೂ ಎಂಥದ್ದು? ಒದ್ದೆ ಕೈಗೆ ಬಿರುಕು ಬಿದ್ದು ಹುಣ್ಣಾಗುತ್ತದೆಂದು ಆಕೆಯ ತಾಯಿ ಹೇಳಿಕೊಟ್ಟದ್ದು. ವಾರಕ್ಕೊಮ್ಮೆ ಬೇವಿನ ಸೊಪ್ಪು, ಅರಿಶಿನ, ಮತ್ತು ಗಡ್ಡ ಹೆರೆದ ಮೇಲೆ ಕ್ಷೌರದವರು ಕೆನ್ನೆಗೆ ಉಜ್ಜುವ ಪಟಿಕದ ಕಲ್ಲು ಹಾಕಿ ಕುದಿಸಿದ ನೀರಲ್ಲಿ ಅದ್ದಿ ಒಣಗಿಸಿದ ಬಟ್ಟೆ. ಒಂದು ಸಸಿಯ ಬೂಸು ಚಾಕುವಿಗಂಟಿ ಇನ್ನೊಂದಕ್ಕೆ ದಾಟುವ ಮೊದಲೇ, ಬೆವರಿಗೆ ನೆನೆದು ಮದ್ದು ಬಿಟ್ಟ ಆ ಬಟ್ಟೆ ಅದನ್ನು ಕೊಲ್ಲುತ್ತಿತ್ತು. ಉಳಿದ ಹೆಂಗಸರು ಆಗಾಗ ಚಾಕುವನ್ನು ಬಕೆಟ್ಟಿನಲ್ಲಿ ಜಾಲಿಸಿಕೊಳ್ಳುತ್ತಿದ್ದರು, ಅವರಿಗೆ ಅರವತ್ತು ಚಿಗುರುತ್ತಿತ್ತು. ಗಂಗುಲಮ್ಮನಿಗೆ ಬಕೆಟ್ಟಿನ ಅಭ್ಯಾಸವೇ ಇರಲಿಲ್ಲ. ಬಟ್ಟೆ ಬಿಟ್ಟ ಮೇಲೆ ಆಕೆ ನೂರು ಗಿಡವನ್ನು ಒಂದೇ ಕೊಳಕು ಚಾಕುವಿನಲ್ಲಿ ಕಟ್ಟಿದ್ದಳು. ಯಾವ ಕೈಯನ್ನು ಲೋಕದಿಂದ ಮುಚ್ಚಿಟ್ಟು ಒರೆಸುತ್ತಿದ್ದಳೋ, ಆ ಒರೆಸುವಿಕೆಯೇ ಆಕೆಗೆ ಹೆಸರು ತಂದಿತ್ತು.

"ಇದು ನನ್ನ ಊಹೆ" ಎಂದರು ಎಸ್ತರ್. "ಪರೀಕ್ಷೆ ಮಾಡೋಣ. 'ಬೆವರು ಉಪ್ಪುನೀರು' ಅಂತ ಹೇಳಿ ಸುಮ್ಮನಾದೆ ನೋಡಿ, ಅದು ನನ್ನ ತಪ್ಪು. ಕೈ ಏನು ಮಾಡುತ್ತೆ ಅಂತ ನಾನು ಕೇಳಲೇ ಇಲ್ಲ."

ಬೀಗ ತೆಗೆಯುವ ಗುಂಡಿಯನ್ನು ಆ ದಿನ ಯಾರೂ ಒತ್ತಲಿಲ್ಲ.

ಮನೆಗೆ ಬಂದು ನೋಡಿದರೆ ಬಟ್ಟೆ ಮಸಿಯಲ್ಲಿ ಮುಳುಗಿ ಗುರುತೇ ಸಿಗದಂತಿತ್ತು. ಗಂಗುಲಮ್ಮ ಅದನ್ನು ಒಗೆದು, ದೊಡ್ಡ ತಪ್ಪಲೆಯಲ್ಲಿ ಬೇವು ಅರಿಶಿನ ಪಟಿಕ ಹಾಕಿ ಕುದಿಸಿದಳು. ಬೀದಿಯೆಲ್ಲ ಘಾಟು. ಏನು ಬಾಣಂತಿ ಇದ್ದಾಳಾ ಮನೇಲಿ ಎಂದು ಪಕ್ಕದವರು ಕೇಳಿದರು. ಎಸ್ತರ್ ಶುಕ್ರವಾರ ನರ್ಸರಿಗೇ ಬಂದು, ಒರೆಸದ ಚಾಕುವಿನ ಅಲಗನ್ನೂ ಆ ಬಟ್ಟೆಯನ್ನು ಒದ್ದೆ ಮಾಡಿ ಒರೆಸಿದ ಅಲಗನ್ನೂ ಬೇರೆ ಬೇರೆ ಗಾಜಿನ ತಟ್ಟೆಗೆ ಸವರಿಕೊಂಡು ಹೋದರು. ಮಂಗಳವಾರ ತಟ್ಟೆಗಳ ಜೊತೆ ಮರಳಿ ಬಂದರು. ಒಂದರಲ್ಲಿ ಕಪ್ಪು ಬೂಸು ಹುಲುಸಾಗಿ ಬೆಳೆದಿತ್ತು. ಇನ್ನೊಂದು ತೊಳೆದಿಟ್ಟ ಹಾಗಿತ್ತು.

ಸೊಣ್ಣೇಗೌಡರು ಎರಡನ್ನೂ ಬೆಳಕಿಗೆ ಹಿಡಿದು ನೋಡಿದರು. "ಗಾಜಲ್ಲಾದದ್ದು ಗಿಡದಲ್ಲಾಯ್ತದಾ?"

"ಆಗಬೇಕು" ಎಂದರು ಎಸ್ತರ್. "ಆದರೆ ಖಂಡಿತ ಅಂತ ಬರೆದುಕೊಡೋಕೆ ನನ್ನಿಂದ ಆಗಲ್ಲ. ಗಿಡದಲ್ಲಿ ನೋಡಬೇಕಾದರೆ ಮೂರು ವಾರ ಬೇಕು."

"ನಮಗಿರೋದು ಒಂದು ದಿನ." ಗೌಡರು ಗಂಗುಲಮ್ಮನ ಕಡೆ ತಿರುಗಿದರು. "ನೋಡಮ್ಮ, ನನ್ನ ದಡ್ಡ ಬುದ್ಧಿಗೆ ಒಂದು ಹೊಳೀತದೆ. ಬೀಗನೂ ತೆಗ್ಸು, ಬಟ್ಟೆನೂ ಸಿಕ್ಕಿಸ್ಕ. ಬೆವರಾಗಿದ್ರೆ ಬೆವರು, ಬಟ್ಟೆಯಾಗಿದ್ರೆ ಬಟ್ಟೆ. ಎರಡರಾಗೆ ಒಂದು ಉಳಿಸ್ತದೆ."

ದಡ್ಡ ಬುದ್ಧಿಯ ಮಾತಲ್ಲ ಅದು. ಗಂಗುಲಮ್ಮ ತನ್ನ ಒಣ ಅಂಗೈಗಳನ್ನು ಒಂದರ ಮೇಲೊಂದು ಇಟ್ಟುಕೊಂಡು ನೋಡಿದಳು. ತಪ್ಪಾದರೆ, ಹೆಣ್ಣೊಬ್ಬಳ ಕೈಯ ಆಸೆಗೆ ಒಂದು ಮರದ ವಂಶವೇ ಹೋಯಿತು ಎಂದು ಊರು ಏಳು ತಲೆಮಾರು ಆಡಿಕೊಳ್ಳುತ್ತದೆ.

"ಗೌಡ್ರೇ, ಅಂಗ್ ಮಾಡಿದ್ರೆ ಮರ ಉಳೀತದೆ" ಎಂದಳು ಕೊನೆಗೆ. "ಆದ್ರೆ ಗುಣ ಯಾವುದ್ರಾಗಿತ್ತು ಅಂತ ಯಾರ್ಗೂ ತಿಳಿಯಾಕಿಲ್ಲ. ಮತ್ತೂ ಗಂಗುಲಮ್ಮನ ಬೆವರು ಅಂತಾನೇ ಅಂತೀರಿ. ನಾನು ಸತ್ತೋದ್ರೆ ನಿಮ್ ಗಿಡ ಕಟ್ಟೋರ್ಯಾರು? ಬಟ್ಟೆ ಅಂತ ಗೊತ್ತಾದ್ರೆ ಎಲ್ರೂ ಕಟ್ತಾರೆ." ಸ್ವಲ್ಪ ತಡೆದು, ಮುಖ ಎತ್ತಿ ಹೇಳಿದಳು. "ಇನ್ನೊಂದ್ ಮಾತು. ನಂಗೆ ಈ ಕೈ ಬೇಕು. ನಲವತ್ತೊಂಬತ್ತು ವರ್ಷಕ್ಕೆ ಬಂದದೆ. ಕಾರಣ ಇಲ್ದೆ ನಾ ಕೊಡಾಕಿಲ್ಲ."

ಗೌಡರು ಆಕೆಯನ್ನೇ ನೋಡಿದರು. ಇಪ್ಪತ್ತೆಂಟು ವರ್ಷದಲ್ಲಿ ಈ ಹೆಂಗಸು ತನಗೆ ಬೇಕು ಎಂದು ಏನನ್ನಾದರೂ ಕೇಳಿದ್ದು ಅವರಿಗೆ ನೆನಪಿರಲಿಲ್ಲ.

"ಸರಿ" ಎಂದರು. "ಕಟ್ಟು."

ಬುಧವಾರ ಬೆಳಿಗ್ಗೆ ನಲವತ್ತೆಂಟು ಕಡ್ಡಿಗಳು ಒದ್ದೆ ಗೋಣಿಯಲ್ಲಿ ಸುತ್ತಿಕೊಂಡು ಬಂದವು. ಗಂಗುಲಮ್ಮ ಅರಿಶಿನದ ಬಟ್ಟೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಈಗ ಅದನ್ನು ನೆನೆಸಲು ಬೆವರಿಲ್ಲ, ಹಾಗಾಗಿ ಪಕ್ಕದಲ್ಲೊಂದು ಬಟ್ಟಲು ನೀರು. ಒರೆಸುವುದನ್ನು ಈ ಕೈ ಮರೆಯಬಹುದೆಂದು ಎಸ್ತರ್ ಎದುರಿಗೇ ಕೂತು, ಪ್ರತಿ ಗಿಡಕ್ಕೂ "ಬಟ್ಟೆ" ಎಂದು ಕೂಗುವ ಕೆಲಸ ವಹಿಸಿಕೊಂಡರು. ಹತ್ತನೆಯ ಗಿಡದ ಹೊತ್ತಿಗೆ ನರ್ಸರಿಯ ಹೆಂಗಸರೆಲ್ಲ ಸೇರಿ "ಬಟ್ಟೇ" ಎಂದು ರಾಗವಾಗಿ ಕೂಗತೊಡಗಿದರು. ಗೌಡರೂ ಎರಡು ಸಲ ಕೂಗಿ, ಯಾರಾದರೂ ನೋಡಿದರೇ ಎಂದು ಆಚೀಚೆ ಕಣ್ಣಾಡಿಸಿದರು. ಗಂಗುಲಮ್ಮ ಹಳೆಯ ಸೀರೆಯೊಂದನ್ನು ಹರಿದು ಎಲ್ಲ ಹೆಂಗಸರಿಗೂ ಒಂದೊಂದು ತುಂಡು ಅದೇ ಕಷಾಯದಲ್ಲಿ ಕುದಿಸಿ ತಂದಿದ್ದಳು. ಅಂದು ಅವರೂ ಬೇರೆ ಜಾತಿಯ ಗಿಡಗಳನ್ನು ಹಾಗೆಯೇ ಒರೆಸಿ ಕಟ್ಟಿದರು. ಮೂರನೆಯ ದಿನ ಬಂದ ಗಾಳಿಮಳೆಗೆ ಬೆಣ್ಣೆಮೂಗಿನ ಕೊನೆಯ ಕೊಂಬೆ ನೆಲಕ್ಕೆ ಬಿತ್ತು.

ಆಮೇಲಿನ ದಿನಗಳನ್ನು ಗಂಗುಲಮ್ಮ ಹೇಗೆ ಕಳೆದಳೆಂದು ಕದಿರಪ್ಪನನ್ನು ಕೇಳಬೇಕು. ಸಾರಿಗೆ ಉಪ್ಪು ಎರಡು ಸಲ ಬೀಳುತ್ತಿತ್ತು, ಇಲ್ಲವೇ ಬೀಳುತ್ತಲೇ ಇರಲಿಲ್ಲ.

ಹದಿನೆಂಟನೆಯ ದಿನ ಒಂದು ಕಡ್ಡಿಯ ತುದಿಯಲ್ಲಿ ತಾಮ್ರದ ಬಣ್ಣದ ಚಿಗುರು ಮೂಡಿತು. ಇಪ್ಪತ್ತೊಂದನೆಯ ದಿನ ಗೌಡರು ಎಣಿಸಿದರು, ಗಂಗುಲಮ್ಮ ಎಣಿಸಿದಳು, ನಂಬಿಕೆ ಬಾರದೆ ಕೆ.ಜಿ.ಎಫ್.ನಿಂದ ಓಡಿಬಂದ ಎಸ್ತರ್ ಎಣಿಸಿದರು. ನಲವತ್ತಾರು. ಉಳಿದ ಹೆಂಗಸರ ಗಿಡಗಳಲ್ಲಿ ನೂರಕ್ಕೆ ತೊಂಬತ್ತು ಚಿಗುರಿದ್ದವು. ಸೊಣ್ಣೇಗೌಡರು ಹೆಗಲ ಮೇಲಿನ ಟವೆಲ್ಲನ್ನು ತೆಗೆದು ಮುಖ ಒರೆಸಿಕೊಂಡು, "ನನ್ನ ಮುತ್ತಜ್ಜ ಇದ್ದಿದ್ರೆ ನಿನ್ನ ಕೈಗೆ ಬಂಗಾರದ ಕಡಗ ಹಾಕ್ತಿದ್ದ ಗಂಗುಲಮ್ಮ" ಎಂದರು.

"ನನ್ ಕೈಗ್ಯಾಕೆ, ಬಟ್ಟೆಗೆ ಹಾಕಿ" ಎಂದಳು ಗಂಗುಲಮ್ಮ. ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ಎಸ್ತರ್ ಎರಡೂ ಕೈಯಿಂದ ಆಕೆಯ ಕೈ ಹಿಡಿದು ಕುಲುಕಿದರು, ಬಿಡಲೇ ಇಲ್ಲ.

ಅಲ್ಲಿಂದ ಆಕೆ ನೇರವಾಗಿ ಶಾಲೆಗೆ ಹೋದಳು. ಗೇಟಿನ ಹತ್ತಿರ ಲಾಸ್ಯ ಒಬ್ಬಳೇ ನಿಂತಿದ್ದಳು, ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡು. ಮುಖ ಊದಿತ್ತು.

"ಕೈ ಕೊಡೇ, ರಸ್ತೆ ದಾಟ್ಬೇಕು."

"ಕೊಡಲ್ಲ."

"ಯಾಕೆ?"

ಹುಡುಗಿ ತುಟಿ ಕಚ್ಚಿಕೊಂಡಳು. "ನಂದೂ ಕಪ್ಪೆ ಕೈ ಅಂತೆ. ಪುಸ್ತಕ ಎಲ್ಲ ಒದ್ದೆ ಆಯ್ತು."

ಗಂಗುಲಮ್ಮ ಬಗ್ಗಿ, ಬೆನ್ನ ಹಿಂದಿನಿಂದ ಆ ಪುಟ್ಟ ಕೈಯನ್ನು ಬಿಡಿಸಿ ತಂದು ತನ್ನ ಅಂಗೈಯಲ್ಲಿಟ್ಟುಕೊಂಡಳು. ಒದ್ದೆಯಾಗಿತ್ತು. ತೊಟ್ಟಿಕ್ಕುವಷ್ಟು ಒದ್ದೆ. ಆ ಚಾಡಿ ಹೇಳೋ ನರ ಮೊಮ್ಮಗಳಿಗೂ ಬಂದಿತ್ತು. ಮರುಗಳಿಗೆ ಬೇರೆಯದೇ ಒಂದು ಸಂಗತಿ ಗೊತ್ತಾಯಿತು. ಒಣ ಕೈಯಿಂದ ಒದ್ದೆ ಕೈ ಹಿಡಿದರೆ ಹೇಗಿರುತ್ತದೆಂದು ಆಕೆಗೆ ಇಂದಿನವರೆಗೆ ತಿಳಿದಿರಲಿಲ್ಲ. ಆ ಸುಡುಬಿಸಿಲಿನಲ್ಲಿ ಮಗುವಿನ ಕೈ ತಂಪಾಗಿತ್ತು. ಮಡಕೆ ಮುಟ್ಟಿದ ಹಾಗಿತ್ತು.

"ಅಜ್ಜಿ, ಬಿಡು. ನಿನ್ ಕೈ ಒದ್ದೆ ಆಗುತ್ತೆ."

"ಆಗ್ಲಿ ಬುಡೇ."

"ನಂಗೂ ಬೀಗ ಹಾಕಿಸ್ತೀಯಾ?"

"ದೊಡ್ಡೋಳಾಗು. ಬೇಕು ಅನ್ಸಿದ್ರೆ ಹಾಕ್ಸ್ಕ, ಬೇಡ ಅನ್ಸಿದ್ರೆ ಬುಡು. ಅಲ್ಲೀಗಂಟ ನಿಂಗೊಂದು ಹಳದಿ ಬಟ್ಟೆ ಕೊಡ್ತೀನಿ. ಕೈ ಮಾತ್ರ ಮುಚ್ಚಿಡ್ಬೇಡ." ರಸ್ತೆ ದಾಟಿದ ಮೇಲೂ ಗಂಗುಲಮ್ಮ ಕೈ ಬಿಡಲಿಲ್ಲ, ಮನೆಯ ಬೀದಿ ಬಂದರೂ ಬಿಡಲಿಲ್ಲ.

ಜಗಲಿಯ ಮೇಲೆ ಕದಿರಪ್ಪ ಕಾಯುತ್ತ ಕೂತಿದ್ದ. "ಎಷ್ಟು ಚಿಗುರಿದ್ವು?" ಎಂದು ದೂರದಿಂದಲೇ ಕೂಗಿದ.

ಗಂಗುಲಮ್ಮ ಹತ್ತಿರ ಬಂದು, ಮೊಮ್ಮಗಳ ಕೈಯನ್ನು ಹಾಗೇ ಹಿಡಿದುಕೊಂಡು, ಗಂಡನ ಮುಖವನ್ನು ಹೊಸದಾಗಿ ಕಂಡವಳಂತೆ ನೋಡಿದಳು.

"ನೀನು ಸುಳ್ಳು ಹೇಳಿರಲಿಲ್ಲ ಕಣಯ್ಯ" ಎಂದಳು.